ಕರೆಯದೇ ಹೋಗಿ ಟ್ಯಾಕ್ಸ್ ಕಟ್ಟುತ್ತೇನೆ ಅಂದವನು

ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದೇ.

ಟ್ಯಾಕ್ಸ್ ಆಫೀಸಿನವರು ನನ್ನನ್ನು ಕರೆದಿರಲಿಲ್ಲ. ನೋಟೀಸು ಕಳಿಸಿರಲಿಲ್ಲ. ಬಳ್ಳಾರಿಯಲ್ಲಿ ನಾನೊಬ್ಬ ಉಸಿರಾಡುತ್ತಿದ್ದೇನೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನೇ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಬಳಿದುಕೊಂಡು, ಅವರ ಬಾಗಿಲಿಗೆ ಹೋಗಿ, ‘ನಾನು ಟ್ಯಾಕ್ಸ್ ಕಟ್ಟಬೇಕು’ ಎಂದೆ.

ಬಾಗಿಲಲ್ಲಿದ್ದ ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ದವಾಖಾನಿ ಆ ಕಡೆ ಐತಿ’ ಎಂದ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ಕೌಲ್ ಬಜಾರಿನಲ್ಲಿ ಮನೆ ಮಾಡದ ಪುಣ್ಯವಂತರು.) ಖಾಸಿಂ ಸಾಬರ ಜಟಕಾ ಏರಿ, ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು, ಅಂಗಡಿಯವರ ಮಾಲನ್ನು ಊರಿಗೆಲ್ಲ ಸಾರುವುದು. ಸುಮ್ಮನೆ ಸಾರಿದರೆ ಯಾರು ಕೇಳುತ್ತಾರೆ? ಸೋಪಿನ ಅಂಗಡಿಗೆ ಅತ್ತೆ ಸೊಸೆಯ ಜಗಳ, ಎರಡೂ ನನ್ನದೇ ಗಂಟಲು. ಕಾಫಿಪುಡಿಗೆ ಗುಂತಕಲ್ಲಿನ ರೈಲು ಇಂಜಿನ್ನು. ಬೀಡಿಗೆ ಒಬ್ಬ ಮುದುಕ ದಮ್ಮು ಎಳೆದು ಸಂತೋಷದಿಂದ ಕೆಮ್ಮುವುದು. (ಆ ಕೆಮ್ಮು ಕೇಳಿ ಊರಿನ ಅರ್ಧ ಜನ ಬೀಡಿ ಬಿಟ್ಟರಂತೆ. ಬೀಡಿಯವರು ನನ್ನನ್ನು ಬಿಟ್ಟರು.)

ಮೊನ್ನೆ ಮೊನ್ನೆಯವರೆಗೆ ನಾನು ಬಟ್ಟೆ ಅಂಗಡಿಯೊಂದರ ಗುಮಾಸ್ತ. ಒಂದು ಮಧ್ಯಾಹ್ನ ಮಾಲೀಕ ಶೆಟ್ಟರು ಊಟಕ್ಕೆ ಹೋಗಿದ್ದಾಗ ಒಳಕೋಣೆಯಿಂದ ಅವರದೇ ದನಿಯಲ್ಲಿ ‘ನಮ್ಮವರs ಅದಾರ, ಉದ್ರಿ ಕೊಡ್ರಿ’ ಎಂದು ಕೂಗಿದೆ. ತಮಾಷೆಗೆ! ಗಿರಾಕಿ ಮಾತ್ರ ತಮಾಷೆ ಮಾಡಲಿಲ್ಲ. ಎರಡು ಜೋಡಿ ಧೋತರ ಹೊತ್ತುಕೊಂಡು ಹೋದ. ಅಂದು ಸಂಜೆಯಿಂದ ನಾನು ಸ್ವತಂತ್ರ ಉದ್ಯೋಗಿ.

ಸ್ವತಂತ್ರ ಉದ್ಯೋಗ ಎಂದರೆ ಏನೆಂದುಕೊಂಡಿರಿ? ಸಂಬಳದ ದಿನ ಇರುವುದಿಲ್ಲ, ಅಷ್ಟೇ. ಸಿರುಗುಪ್ಪದ ಅಕ್ಕಿ ಗಿರಣಿಯವರು ನನ್ನ ಕೂಗಿಗೆ ನುಚ್ಚು ಕೊಟ್ಟು ಕಳಿಸುತ್ತಾರೆ. (ಈ ರೇಷನ್ ಕಾಲದಲ್ಲಿ ನುಚ್ಚೂ ಮುತ್ತೇ, ಬಿಡಿ.) ಸೋಪಿನವರು ಸೋಪು ಕೊಡುತ್ತಾರೆ. ಈಗ ಹೇಳಿ, ಸೋಪು ಬಂದರೆ ಕಿರ್ದಿಯಲ್ಲಿ ಜಮಾ ಬರೆಯಬೇಕು ಸರಿ. ಮೈ ತೊಳೆದುಕೊಂಡ ಮೇಲೆ ಅದನ್ನು ಯಾವ ಖರ್ಚಿಗೆ ಹಾಕಬೇಕು? ದಿನದಿನದ ಲೆಕ್ಕ ಬರೆಯುವ ಆ ಕೆಂಪು ಬಟ್ಟೆಯ ಉದ್ದ ಪುಸ್ತಕವನ್ನು ಕೊಂಡು ತಂದು, ಮೊದಲ ಹಾಳೆಯಲ್ಲಿ ಶ್ರೀಕಾರ ಬರೆದು, ಅರಿಸಿನ ಕುಂಕುಮ ಹಚ್ಚಿ, ಗೂಡಿನಲ್ಲಿಟ್ಟಿದ್ದೆ. ಶ್ರೀಕಾರದ ಮುಂದೆ ಒಂದಕ್ಷರ ಹೋಗಿರಲಿಲ್ಲ.

ಅಷ್ಟರಲ್ಲಿ ಅವ್ವ ಕುರುಗೋಡಿನಲ್ಲಿ ಹೆಣ್ಣು ನೋಡಿದಳು.

ಹೆಣ್ಣಿನ ತಂದೆ ಪಂಪಣ್ಣನವರು ಶೇಂಗಾ ವ್ಯಾಪಾರಿ. ದೊಡ್ಡ ಮೀಸೆ, ಇನ್ನೂ ದೊಡ್ಡ ದನಿ. ನಾವು ಹೋದಾಗ ಅವಲಕ್ಕಿ ತಿನ್ನಿಸಿ, ‘ಹುಡುಗನ ವಿದ್ಯಾ ಏನೋ ತೋರಸ್ಲಿ’ ಎಂದರು. ನಾನು ಸುಮ್ಮನಿರಬೇಕಿತ್ತು. ಇದ್ದೆನೇ? ಹಿತ್ತಲ ಕಡೆ ಮುಖ ಮಾಡಿ, ಪಂಪಣ್ಣನವರ ದನಿಯಲ್ಲೇ ಅವರ ಆಳನ್ನು ಕರೆದೆ: ‘ಲೇ ಹನುಮಾ, ಎತ್ತಿಗೆ ನೀರು ಕುಡಿಸಿದೇನಲೇ?’

ಹನುಮ ಹಿತ್ತಲಿಂದ ‘ಕುಡಿಸೀನ್ರಿ ಯಜಮಾನ್ರs’ ಎಂದ. ಅದು ಸಹಜ. ನನ್ನೆದುರಿಗೇ ಕುಳಿತ ಪಂಪಣ್ಣನವರೂ ‘ಹಾಂ, ಹಂಗಾರ ಕಟ್ಟಿಹಾಕು’ ಎಂದುಬಿಟ್ಟರು!

ಬಾಗಿಲ ಹಿಂದಿನಿಂದ ಒಂದು ನಗು ಕೇಳಿಸಿತು. ಸೆರಗು ಬಾಯಿಗೆ ತುರುಕಿದರೂ ನಿಲ್ಲದ ನಗು. ನೀಲಾ. ನಾನು ಊರೂರು ಸುತ್ತಿ ಕೂಗಿ ಜನರನ್ನು ನಗಿಸುವವನು. ಆದರೆ ಆ ನಗೆಯನ್ನು ದಿನಾ ಕೇಳಬೇಕೆಂದು ಆಸೆಯಾದದ್ದು ಅಂದೇ. (ನಗಬೇಡಿ. ನಕ್ಕರೂ ನೀಲಾಳಷ್ಟು ಚೆನ್ನಾಗಿ ನಗಲಾರಿರಿ.)

ಪಂಪಣ್ಣನವರು ನಗಲಿಲ್ಲ.

‘ಬಾಯಿ ಐತಿ, ಒಪ್ಪಿದೆ. ಗಳಿಕಿ ಎಲ್ಲೈತಿ? ನೌಕರಿ ಬಿಟ್ಟಾನಂತ. ತೆರಿಗಿ ಕಟ್ಟೋ ಕುಳ ಆಗಿದ್ರ ಹೇಳ್ರಿ, ನಾಳೇನs ವೀಳ್ಯ ಹಿಡೀತೀನಿ. ಇಲ್ಲಾಂದ್ರ ಅವಲಕ್ಕಿ ತಿಂದ್ರಿ, ಬಸ್ ಐತಿ.’

ಆ ರಾತ್ರಿಯೇ ಶ್ರೀಕಾರದ ಕೆಳಗೆ ಬರೆಯತೊಡಗಿದೆ. ಅಬ್ಬಾ, ಏನು ಕೈ ಓಡಿತು ಎನ್ನುತ್ತೀರಿ! ಸಿರುಗುಪ್ಪದ ನುಚ್ಚು ಮೂಟೆ ಮೂಟೆ ಸಣ್ಣಕ್ಕಿಯಾಯಿತು. ಸೋಪಿನ ಬಿಲ್ಲೆಗಳು ರೊಕ್ಕವಾದವು. ಸತ್ಯನಾರಾಯಣಪೇಟೆಯಲ್ಲಿ ಒಂದೇ ಓಣಿಗೆ ಕೂಗಿದ್ದು ಇಡೀ ಜಿಲ್ಲೆಯಾಯಿತು. ಕೊಳಗಲ್ಲಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದು ಪಂಚೆ ಹರಿದ ದಿನದ ಎದುರಿಗೆ ‘ಊರವರಿಂದ ಸನ್ಮಾನ, ಜಮಾ’ ಎಂದು ಬರೆದೆ.

ಬೆಳಗಾದ ಮೇಲೆ ಅದನ್ನು ಬಗಲಲ್ಲಿಟ್ಟುಕೊಂಡು ಟ್ಯಾಕ್ಸ್ ಆಫೀಸಿಗೆ ಹೋದದ್ದು, ಜವಾನ ದವಾಖಾನೆಯ ದಾರಿ ತೋರಿಸಿದ್ದು.

ಒಳಗಿದ್ದ ಆಫೀಸರು ಸಣ್ಣಗಿನ ಆಳು. ಮಾತಿಗೊಮ್ಮೆ ತೆಲುಗು ಒಗ್ಗರಣೆ.

‘ಏಮಯ್ಯಾ, ನೋಟೀಸ್ ಬಂದಿತ್ತಾ?’

‘ಇಲ್ಲ ಸಾರ್.’

‘ಯಾರಾದ್ರೂ ಅರ್ಜಿ ಹಾಕಿದ್ರಾ ನಿನ್ನ ಮೇಲೆ?’

‘ಇಲ್ಲ ಸಾರ್.’

‘ಮತ್ತೆ ಯಾಕೆ ಬಂದೆ?’

‘ದೇಶಸೇವೆ ಸಾರ್.’

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ನಾನು ಇನ್ನೂ ಅಲ್ಲೇ ಇದ್ದೆ. ಪುಸ್ತಕ ತೆರೆದರು.

‘ಇದೇನಿದು ಖರ್ಚಿನಲ್ಲಿ? ಗಂಟಲು ಸವಕಳಿ?’

‘ಗಿರಣಿಯವರು ಮಷೀನು ಸವೆಯಿತು ಅಂತ ಖರ್ಚು ಬರೀತಾರಲ್ಲ ಸಾರ್. ನನ್ನ ಮಷೀನು ಇದು’ ಎಂದು ಕೊರಳು ಮುಟ್ಟಿ ತೋರಿಸಿದೆ.

‘ಮಷೀನಿಗೆ ಬಿಲ್ಲು ಇರ್ತದೆ. ಇದನ್ನ ಎಲ್ಲಿ ಕೊಂಡೆ?’

‘ಅವ್ವ ಕೊಟ್ಟಿದ್ದು ಸಾರ್.’

‘ಪುಕ್ಕಟೆ ಬಂದದ್ದಕ್ಕೆ ಸವಕಳಿ ಇಲ್ಲ’ ಎಂದು ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದರು. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು. ‘ಇಲ್ಲಿಗೆ ಬರೋರೆಲ್ಲ ಅಳ್ತಾ ಬರ್ತಾರೆ, ಕಡಿಮೆ ತೋರಿಸ್ತಾರೆ. ನೀನಾಗೇ ಇಷ್ಟು ತೋರಿಸ್ತಿದ್ದೀಯಾ ಅಂದ್ರೆ, ಮುಚ್ಚಿಟ್ಟಿದ್ದು ಎಷ್ಟಯ್ಯಾ?’

ನೋಡಿ ನ್ಯಾಯ! ಇಲ್ಲದ್ದನ್ನು ಇದೆ ಎಂದರೆ, ಇನ್ನೂ ಇರಬೇಕು ಎನ್ನುತ್ತಾರೆ. ಗಾಬರಿಯಾಯಿತು. ಗಾಬರಿಯಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

‘ನಾನು ಅಂಥವನಲ್ಲ ಸಾರ್. ಮರ್ಯಾದಸ್ಥರ ಸಂಬಂಧ. ಕುರುಗೋಡಿನ ಪಂಪಣ್ಣನವರು ನನಗೆ ಮಾವ ಆಗೋರು. ಅವರ ಶೇಂಗಾ ಗಾಡಿಗಳು ರೈಲ್ವೆ ಗೇಟಿಗೆ ಬಂದರೆ, ಕೊನೇ ಗಾಡಿ ದಾಟೋದರೊಳಗೆ ಗೇಟಿನವನು ಊಟ ಮುಗಿಸಿ ಕೈ ತೊಳೀತಾನೆ!’

ಪೆನ್ಸಿಲು ನಿಂತಿತು.

‘ಯಾರು, ಕುರುಗೋಡು ಪಂಪಣ್ಣಾನಾ? ನಮ್ಮ ನಷ್ಟದ ಪಂಪಣ್ಣಾನಾ?’

ಅವರು ಏನೋ ಗುರುತು ಹಾಕಿಕೊಂಡರು. ನನ್ನ ಪುಸ್ತಕ ಇಟ್ಟುಕೊಂಡು, ಅದು ಸಂದಿದೆ ಎಂದು ಮೊಹರು ಒತ್ತಿದ ಒಂದು ರಸೀದಿ ಕೊಟ್ಟರು. ಆ ಮೊಹರು ಕಂಡ ಖುಷಿಯಲ್ಲಿ ಗುರುತಿನ ವಿಷಯ ಮರೆತೆ. ರಸೀದಿ ಕುರುಗೋಡಿಗೆ ಹೋಯಿತು. ಪಂಪಣ್ಣನವರು ಅದನ್ನು ಊರವರಿಗೆಲ್ಲ ತೋರಿಸಿ, ‘ನಮ್ಮ ಅಳಿಯ ತೆರಿಗಿ ಕುಳ’ ಎಂದು ಮೀಸೆ ತಿರುವಿ, ವೀಳ್ಯ ಹಿಡಿದರು.

ಆಮೇಲೆ ಶುರುವಾಯಿತು.

ಖಾಸಿಂ ಸಾಬರ ಕಿವಿಗೆ ನನ್ನ ಗಳಿಕೆಯ ಸುದ್ದಿ ಬಿತ್ತು. ಅವರಿಗೂ ನನಗೂ ಗಳಿಕೆಯಲ್ಲಿ ಅರ್ಧರ್ಧ ಎಂದು ಮಾತು. ಜಟಕಾ ನಿಲ್ಲಿಸಿ ಕೇಳಿದರು: ‘ಅರೇ ಭಾಯ್, ನನ್ನ ಕುದುರಿ ಬರೀ ಹುಲ್ಲು ತಿಂತೈತಿ. ಆ ಸಣ್ಣಕ್ಕಿ ಮೂಟಿ ಎಲ್ಲಿ ಇಟ್ಟಿ?’

‘ಅದು ಬರೆದದ್ದು ಅಷ್ಟೇ, ಸಾಬ್ರೇ.’

‘ನನ್ನ ಪಾಲು ಬರದಿಯೇನು?’

‘ಇಲ್ಲ...’

‘ಸುಳ್ಳು ಬರ್ಯಾಕೂ ಪಾಲುದಾರನ್ನ ಬಿಟ್ಟು ಬರದಿಯಲ್ಲೋ!’ ಎಂದು ಮುಖ ತಿರುಗಿಸಿ ಕುಳಿತರು.

ಮನೆಗೆ ಬಂದರೆ ಅವ್ವ ಕಣ್ಣೀರು. ‘ಸಾಬ್ರು ಎಲ್ಲಾ ಹೇಳಿದ್ರು. ಇಷ್ಟು ಗಳಿಸಿ ಹಡದವ್ವಗ ಒಂದು ಸೀರಿ ತರ್ಲಿಲ್ಲಲ್ಲೋ?’ ಸುಳ್ಳವ್ವಾ ಎಂದರೆ, ‘ಹೌದಪ್ಪಾ, ಹೆಂಡ್ತಿ ಬರೋ ಮೊದ್ಲs ನನಗ ಸುಳ್ಳು ಹೇಳಾಕ ಕಲ್ತಿ’ ಎಂದಳು.

ಅಷ್ಟರಲ್ಲಿ ನೋಟೀಸು ಬಂತು. ಈ ಸಲ ನಿಜವಾದದ್ದು. ಅದರಲ್ಲಿದ್ದ ಟ್ಯಾಕ್ಸು ಕಟ್ಟಬೇಕಾದರೆ ನನ್ನ ತುತ್ತೂರಿ, ಖಾಸಿಂ ಸಾಬರ ಜಟಕಾ, ಕುದುರೆ, ಕುದುರೆಯ ಜೊತೆ ಖಾಸಿಂ ಸಾಬರನ್ನೂ ಮಾರಬೇಕಿತ್ತು. ‘ಸುಳ್ಳು ಬರೆದೆ’ ಎಂದು ಆಫೀಸರ ಕಾಲು ಹಿಡಿಯೋಣ, ಪಂಪಣ್ಣನವರಿಗೆ ತಿಳಿಯುವುದು ಬೇಡ ಎಂದುಕೊಂಡು ಬಾಗಿಲು ತೆರೆಯುವ ಹೊತ್ತಿಗೇ ಹೋದೆ.

ಆಫೀಸಿನ ಪರದೆ ಸರಿಸಿದರೆ, ಬೆಂಚಿನ ಮೇಲೆ ಪಂಪಣ್ಣನವರು! ತೊಡೆಯ ಮೇಲೆ ಅವರ ಕಿರ್ದಿ. ಅವರಿಗೂ ನೋಟೀಸು. ಬೇವಿನ ಮರದ ಕೆಳಗೆ, ಕಿಟಕಿಗೆ ಹತ್ತಿಕೊಂಡು ಖಾಸಿಂ ಸಾಬರ ಜಟಕಾ. ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತಂದದ್ದು ಅದೇ. ಅದರಲ್ಲಿ ನೀಲಾಳ ತಾಯಿ ಗಂಗಮ್ಮನವರು, ಮದುವೆ ಸೀರೆ ಕೊಳ್ಳಲು ಬಂದವರು.

ಆಫೀಸರು ಪಂಪಣ್ಣನವರ ಕಿರ್ದಿ ಇಸಿದುಕೊಂಡು, ತಿರುವಿ ನೋಡಿ, ಎರಡೂ ಕೆಂಪು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡರು.

‘ಪಂಪಣ್ಣನವರೇ, ನಿಮ್ಮ ಕಿರ್ದಿ ಓದಿ ನನಗೇ ಕಣ್ಣಲ್ಲಿ ನೀರು ಬಂತು. ಶೇಂಗಾ ಕೊಂಡದ್ದರಲ್ಲಿ ನಷ್ಟ, ಮಾರಿದ್ದರಲ್ಲಿ ನಷ್ಟ, ಸುಮ್ಮನೆ ಮನೇಲಿ ಇಟ್ಟದ್ದರಲ್ಲೂ ನಷ್ಟ. ಮಗಳ ಮದುವೆ ಹ್ಯಾಗೆ ಮಾಡ್ತೀರಿ?’

‘ದೇವರು ನಡಸ್ತಾನ್ರಿ’ ಎಂದರು ಪಂಪಣ್ಣನವರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ! ಇಷ್ಟು ಬಡ ದನಿಯನ್ನು ನಾನೂ ಮಿಮಿಕ್ರಿ ಮಾಡಲಾರೆ.

‘ದೇವರ ಅಡ್ರೆಸ್ ಕೊಡಿ. ಅವರಿಗೂ ನೋಟೀಸ್ ಕಳಿಸ್ತೀನಿ’ ಎಂದ ಆಫೀಸರು ನನ್ನ ಕಡೆ ತಿರುಗಿದರು. ‘ಏಮಯ್ಯಾ, ನಿನ್ನ ಲೆಕ್ಕ ನಿಜವೋ ಸುಳ್ಳೋ? ನಿಜ ಅಂದ್ರೆ ಟ್ಯಾಕ್ಸ್ ಕಟ್ಟು. ಸುಳ್ಳು ಅಂದ್ರೆ ಹಾಗಂತ ಬರೆದುಕೊಡು.’

ಪಂಪಣ್ಣನವರು ನನ್ನನ್ನೇ ನೋಡುತ್ತಿದ್ದರು. ನಿಜ ಎಂದರೆ ದಿವಾಳಿ. ಸುಳ್ಳು ಎಂದರೆ ನೀಲಾ ಇಲ್ಲ. ಊರಿನ ಎಲ್ಲರ ದನಿಯೂ ನನ್ನಲ್ಲಿದೆ, ಕತ್ತೆಯದು ಸೇರಿ. ಆ ಹೊತ್ತಿಗೆ ಬೇಕಾದದ್ದು ನನ್ನದೇ ದನಿ. ಯೋಚಿಸಿದೆ: ನಿಜ ಎಂದರೆ ನೀಲಾ ಮದುವೆಯಾಗುವುದು ನನ್ನನ್ನಲ್ಲ, ಈ ಕಿರ್ದಿಯನ್ನು. ಇದಕ್ಕೆ ನಗಿಸಲು ಬರುತ್ತದೆಯೇ?

‘ಸುಳ್ಳು ಸಾರ್’ ಎಂದೆ. ‘ಪೂರ್ತಿ ಸುಳ್ಳು. ಆ ಶ್ರೀಕಾರವೊಂದನ್ನು ಬಿಟ್ಟು.’

ಆಫೀಸರು ಒಮ್ಮೆ ನನ್ನನ್ನು, ಒಮ್ಮೆ ಪಂಪಣ್ಣನವರನ್ನು ನೋಡಿದರು. ‘ಮಾವನ ಪುಸ್ತಕ ಅಳಿಯ ತಗೊಳ್ಳಲಿ, ಅಳಿಯನ ಪುಸ್ತಕ ಮಾವ ತಗೊಳ್ಳಲಿ. ಎರಡೂ ಲೆಕ್ಕ ಸರಿಹೋಗ್ತವೆ! ಹೋಗಿ, ಇಬ್ಬರೂ ಹೊಸದಾಗಿ ಬರೆದುಕೊಂಡು ಬನ್ನಿ.’

ಕಿಟಕಿಯ ಆಚೆ ಖಾಸಿಂ ಸಾಬರು ನಕ್ಕರು. ಕುದುರೆಯೂ ನಕ್ಕಂತೆ ಕೇಳಿಸಿತು.

ನೀವೇ ಹೇಳಿ ಓದುಗರೇ, ನಮ್ಮೂರಲ್ಲಿ ಎರಡು ಕಿರ್ದಿ ಇಲ್ಲದವರು ಯಾರಿದ್ದಾರೆ? ಸರ್ಕಾರಕ್ಕೆ ಒಂದು, ಬೀಗರಿಗೆ ಒಂದು. ಸರ್ಕಾರದವರು ಬಂದರೆ ಮನೆಯಲ್ಲಿ ಉಪ್ಪಿಗೂ ಗತಿ ಇರುವುದಿಲ್ಲ. ಬೀಗರು ಬಂದರೆ ತುಪ್ಪದಲ್ಲೇ ಕೈ ತೊಳೆಯುತ್ತೇವೆ. ನನ್ನ ದಡ್ಡತನ ಇಷ್ಟೇ, ಬೀಗರ ಕಿರ್ದಿಯನ್ನು ಸರ್ಕಾರಕ್ಕೆ ಒಯ್ದೆ.

ಹೊರಗೆ ಬಂದ ಕೂಡಲೇ ಪಂಪಣ್ಣನವರ ದನಿ ಮರಳಿ ಬಂತು, ಬಡ್ಡಿ ಸಮೇತ.

‘ಮುರೀತು ಸಂಬಂಧ! ವೀಳ್ಯ ವಾಪಸ್ ಕಳಸ್ತೀನಿ. ಮೊಹರು ತೋರಿಸಿ ಮೋಸ ಮಾಡಿದೇನಲೇ? ಊರಾಗ ಹೆಂಗ ಮುಖ ತೋರಸ್ಲಿ ನಾನು? ಸುಳ್ಳು ಲೆಕ್ಕ ಬರಿಯೋನಿಗೆ ನನ್ನ ಮಗಳನ್ನ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ!’

ಜವಾನ ಹೊರಗೆ ಬಂದು ನಿಂತ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು. ಕಟ್ಟೆಯ ಮೇಲೆ ಎಲೆ ಅಡಿಕೆ ಮಾರುವವಳು ಒಳ್ಳೆ ಜಾಗ ನೋಡಿ ಕುಳಿತಳು. ‘ನಿಮ್ಮ ಮಗಳು ನಕ್ಕದ್ದು ಮಾತ್ರ ನಿಜಾರೀ’ ಎಂದೆ, ಮಿಮಿಕ್ರಿಯಿಲ್ಲದ ದನಿಯಲ್ಲಿ. ಪಂಪಣ್ಣನವರು ಕೇಳಿಸಿಕೊಳ್ಳಲಿಲ್ಲ. ಮತ್ತೊಮ್ಮೆ, ‘ಸುಳ್ಳು ಲೆಕ್ಕದವನಿಗೆ ಹೆಣ್ಣಿಲ್ಲ!’ ಎಂದು ಗುಡುಗಿದರು.

ಜಟಕಾದ ಪರದೆ ಸರಿಯಿತು. ಗಂಗಮ್ಮನವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಉಗುಳಿ, ಗಂಡನನ್ನು ನೋಡಿ ಹೇಳಿದರು:

‘ನಮ್ಮಪ್ಪಾನೂ ಹಿಂಗs ಅಂದಿದ್ರ, ನಾ ಇವತ್ತಿಗೂ ಸಿರುಗುಪ್ಪದ ತೌರುಮನ್ಯಾಗ ಅಕ್ಕಿ ಆರಿಸ್ಕೊಂತ ಕುಂತಿರ್ತಿದ್ದೆ. ಜಟಕಾ ಹತ್ರಿ ಸುಮ್ನ, ಸೀರಿ ಅಂಗಡಿ ಬಾಗಲಾ ತಗದಿರ್ತಾರ.’