ಬಾಳೆಗೆ ಹಾಡಿಲ್ಲ

ಗಡಿಯಾಚೆಯ ನೂಲ್ಪುಳದ ಗದ್ದೆಯಲ್ಲಿ ಮಾದಿ ಅಜ್ಜಿ ನಾಟಿ ಹಾಡು ಹೇಳುವಾಗ ರೆಕಾರ್ಡ್ ಮಾಡಿಕೊಂಡಿದ್ದೆ. ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಫೈಲಿನ ಗಾತ್ರ ಸರಿಯಿದೆ ಎಂದು ನೋಡಿ, ಮೆಮೊರಿ ಕಾರ್ಡ್ ಖಾಲಿ ಮಾಡಿದೆ. ಆಮೇಲೆ ಕೇಳಿದರೆ ಹಾಡಿನ ತುಂಬ ಕರಕರ ಸದ್ದು, ಸಾಲುಸಾಲೇ ಮಾಯ. ಕೇಬಲ್ ಬದಲಿಸಿದೆ, ಡಿಸ್ಕ್ ಬದಲಿಸಿದೆ. ಬೇರೆ ಫೈಲುಗಳೂ ಕಾಪಿ ಮಾಡಿದಾಗ ಹಾಗೇ ಕೆಟ್ಟವು. ಕೊನೆಗೆ ಸಿಕ್ಕಿಬಿದ್ದದ್ದು ಲ್ಯಾಪ್‌ಟಾಪಿನ ಒಳಗಿನ ರ‍್ಯಾಮ್. ಕಾಪಿಯಾಗುವುದೆಲ್ಲ ಅದರ ಮೂಲಕವೇ ಹಾದುಹೋಗಬೇಕು. ಅದು ಅಲ್ಲಲ್ಲಿ ಕೆಡಿಸಿ, ಏನೂ ಅರಿಯದವರ ಹಾಗೆ ಮುಂದೆ ಕಳಿಸುತ್ತಿತ್ತು.

ಮತ್ತೆ ಹೋದಾಗ ಅಜ್ಜಿ ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದರು. ಹಾಡು ಕೆಟ್ಟದ್ದನ್ನು ಹೇಳಿ, ಇನ್ನೊಮ್ಮೆ ಹಾಡಿ ಎಂದೆ.

"ನಾಟಿ ಮುಗಿದ ಮೇಲೆ ಆ ಹಾಡು ಬಾಯಿಗೆ ತರಕೂಡದು ಮೋನೇ. ಮುಂದಿನ ನಾಟಿಗೆ ಬಾ ಮಗನೇ."

"ಒಂದೇ ಸಲ, ಮೆಲ್ಲಗೆ ಹೇಳಿ ಅಜ್ಜಿ."

"ಮೆಲ್ಲಗೆ ಹೇಳಿದರೂ ಗದ್ದೆಗೆ ಕೇಳ್ತದೆ."

ಮರುವರ್ಷ ಹೊಸ ರ‍್ಯಾಮ್ ಹಾಕಿಸಿಕೊಂಡು ಹೋದೆ. ಗದ್ದೆಯ ಯಜಮಾನರು ಅದನ್ನು ಗೇಣಿಗೆ ಕೊಟ್ಟುಬಿಟ್ಟಿದ್ದರು. ಉದ್ದಕ್ಕೂ ಬಾಳೆ ಎದ್ದಿತ್ತು. ಅಜ್ಜಿ ಕೂಲಿಗೆ ಬಂದು ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ನನ್ನ ಕೈಯಲ್ಲಿದ್ದ ಮೈಕ್ ನೋಡಿ, "ಬಾಳೆಗೆ ಹಾಡಿಲ್ಲ ಮೋನೇ" ಅಂದರು.

ಬಂದ ತಪ್ಪಿಗೆ ಬಾಳೆಎಲೆಗಳ ಪಟಪಟ ಸದ್ದನ್ನೇ ರೆಕಾರ್ಡ್ ಮಾಡಿಕೊಂಡೆ. ಅದು ಮಾತ್ರ ಒಂದು ಚೂರೂ ಕೆಡದೆ ಕಾಪಿಯಾಗಿದೆ.