ಬ್ರೇಕಿಗೆ ಬೇಕಾದ ಮಾತು

ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಯವರು ಹರಪನಹಳ್ಳಿಯ ಡಾಕ್ಟರೊಬ್ಬರು ಓಡಿಸಿ ಓಡಿಸಿ ಬೇಸತ್ತಿದ್ದ ಬಿಳಿ ಕಾರೊಂದನ್ನು ಕೊಂಡು ತಂದರು. ಕೊಟ್ಟೂರಿನಲ್ಲಿ ಇವರದು ಬೀಜ, ಗೊಬ್ಬರದ ಅಂಗಡಿ. ಕಾರು ಬಂದದ್ದರಿಂದ ನನಗೆ ಆದ ದೊಡ್ಡ ಸಂತೋಷವೆಂದರೆ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಬಹುದು ಎನ್ನುವುದು. ಮನೆಯಲ್ಲಾದರೆ ಪೇಪರು ಅಡ್ಡ ಹಿಡಿದು ತಪ್ಪಿಸಿಕೊಳ್ಳುತ್ತಾರೆ. ಕಾರಿನಲ್ಲಿ ಎಲ್ಲಿಗೆ ಹೋಗುತ್ತಾರೆ?

ಒಂದು ಸಂಜೆ ಹಗರಿಬೊಮ್ಮನಹಳ್ಳಿಯಿಂದ ಬರುತ್ತಿದ್ದೆವು. ಹಳ್ಳದ ಇಳಿಜಾರಿನಲ್ಲಿ ಅವರು ಬ್ರೇಕು ಒತ್ತಿದರೆ ಪೆಡಲು ಸೀದಾ ತಳಕ್ಕೆ ಹೋಗಿ ಕೂತಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕು ಎಳೆದು, ಸ್ಟೇರಿಂಗು ತಿರುವಿ, ರಸ್ತೆ ಪಕ್ಕದ ಶೇಂಗಾ ಹೊಟ್ಟಿನ ಬಣವೆಗೆ ಗಾಡಿ ನುಗ್ಗಿಸಿದರು. ಇಬ್ಬರಿಗೂ ಏನೂ ಆಗಲಿಲ್ಲ, ತಲೆತುಂಬ ಹೊಟ್ಟು ಅಷ್ಟೇ. ನಾನಿನ್ನೂ ದೇವರಿಗೆ ಕೈಮುಗಿಯುತ್ತಿದ್ದೆ, ಅಷ್ಟರಲ್ಲಿ ಅವರು ಬಾಯಿ ಬಿಟ್ಟರು.

“ನೀ ಒಂದ ಸವನ ಮಾತಾಡಿ ಮಾತಾಡಿ ನನ್ನ ಲಕ್ಷ್ಯ ತಪ್ಪಿಸಿದಿ. ಅದಕ್ಕ ಹಿಂಗಾತು.”

ನನಗೆ ಮೈಯೆಲ್ಲ ಉರಿದುಹೋಯಿತು. “ಆತು ಬಿಡ್ರಿ. ಅಂದದ್ದು ತಪ್ಪಾತು ಅಂತ ನಿಮ್ಮ ಬಾಯಿಲೆ ಬರಾತನಕ ನಾ ನಿಮ್ಮ ಜೊತಿ ಮಾತಾಡಿದ್ರ ಕೇಳ್ರಿ,” ಎಂದೆ. ಮಾತು ನಿಂತಿತು. ಮುಂದಿನ ವಾರ ಹಡಗಲಿಯಲ್ಲಿ ನನ್ನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಇವರು ಆ ಮಾತು ವಾಪಸು ತೆಗೆದುಕೊಳ್ಳದಿದ್ದರೆ ನಾನು ಬಸ್ಸಿಗೇ ಹೋಗುತ್ತೇನೆ, ಕಾರು ಹತ್ತುವುದಿಲ್ಲ ಎಂದು ಅತ್ತೆಗೂ ಹೇಳಿಬಿಟ್ಟೆ.

ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ಸಾಬರು ಇವರ ದೋಸ್ತು. ಟ್ರ್ಯಾಕ್ಟರಿಗೆ ಕಟ್ಟಿಸಿ ಮನೆಗೆ ಎಳೆತಂದಿದ್ದ ಕಾರಿನ ಪೆಡಲನ್ನು ಅವರು ಬಂದು ತುಳಿದು ನೋಡಿ, “ಬ್ರೇಕಿನ ಎಣ್ಣಿ ತಳ್ಳೋ ಮಾಸ್ಟರ್ ಸಿಲಿಂಡರ್ ಖತಂ. ಹೊಸಾದು ಹಾಕಬೇಕು. ಆದ್ರ ನಮ್ಮ ಮನ್ಯಾಗ ಶಾದಿ ಐತಿ, ಈ ವಾರ ನನಗ ಪುರಸೊತ್ತಿಲ್ಲ ನೋಡ್ರಿ,” ಎಂದರು. “ಅದೇನ ಮಹಾ, ನಾನ ಹಾಕ್ತೀನಿ,” ಎಂದು ಇವರು ಅವರಿಂದ ನಟ್ಟು ಬಿಚ್ಚುವ ಪಾನಾ ಸೆಟ್ಟು ಇಸಿದುಕೊಂಡರು. ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಸಾಮಾನು ತಂದರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಪೈಪು ಬಿಚ್ಚಿದಾಗ ಸೋರುವ ಬ್ರೇಕ್ ಆಯಿಲ್ ಹಿಡಿಯಲು ನನ್ನ ರಂಗೋಲಿ ಬಟ್ಟಲನ್ನೇ ಎತ್ತಿಕೊಂಡರು. ಮಾತಿದ್ದಿದ್ದರೆ ಅವರ ಕಥೆ ಬೇರೆ ಇತ್ತು. ಹಳೆಯ ಸಿಲಿಂಡರು ಕಳಚಿ, ಒಳಗಿನ ರಬ್ಬರು ಎಳೆದು ನೋಡಿದರು. ಇಲಿ ಕಡಿದ ರೊಟ್ಟಿಯ ಹಾಗೆ ಅದರ ಅಂಚು ಕಿತ್ತುಹೋಗಿತ್ತು. ಬ್ರೇಕು ಹೋದದ್ದು ಏತಕ್ಕೆ ಎಂದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೂ ತಿಳಿಯಿತು. ನಾನು ನೋಡಿದ್ದನ್ನು ಅವರೂ ನೋಡಿದರು. ರಬ್ಬರನ್ನು ಮೆಲ್ಲಗೆ ಅಂಗಿ ಜೇಬಿಗೆ ಇಳಿಬಿಟ್ಟರು!

ಹೊಸದು ಕೂತಿತು. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಮೇಲೆ ಒಬ್ಬರು ಪೆಡಲು ಒತ್ತಿ ಹಿಡಿದು “ಹಿಡಿದೀನಿ” ಎನ್ನಬೇಕು. ಕೆಳಗೆ ಚಕ್ರದ ಹತ್ತಿರ ಮಲಗಿದವರು ಆಗ ನಟ್ಟು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿದು “ಬಿಡು” ಎನ್ನಬೇಕು. ನಡುವೆ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಅತ್ತೆಗೆ ಮೊಣಕಾಲು ನೋವು. ಉಳಿದವಳು ನಾನು.

“ಎವ್ವಾ, ಒತ್ತು ಅನ್ನು ಆಕಿಗೆ,” ಎಂದರು ಕಾರಿನ ಕೆಳಗಿನಿಂದ.

ಅತ್ತೆ ಜಗಲಿ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. “ಒತ್ತಬೇಕಂತ ನೋಡವ್ವ,” ಎಂದರು. ಒತ್ತಿ, ತಲೆ ಆಡಿಸಿದೆ. “ಒತ್ಯಾಳಪ್ಪ. ಪಾಪ, ಮುಂಜಾನಿಂದ ಚಾ ಸೈತ ಕುಡಿದಿಲ್ಲ ಆಕಿ…” ಆ ಚಹಾದ ಪುರಾಣ ಮುಗಿಯುವಷ್ಟರಲ್ಲಿ “ಬಿಡು”, “ಹಿಡಿ” ಎಲ್ಲ ಕಲಸುಮೇಲೋಗರ. ಹೊರಬಂದ ಗಾಳಿ ಅದೇ ದಾರಿಯಲ್ಲಿ ಮತ್ತೆ ಪೈಪಿನೊಳಗೆ ಹೋಯಿತು.

ಅತ್ತೆಯನ್ನು ಬಿಟ್ಟು ನಾನು ಹಾರ್ನು ಹಿಡಿದೆ. ಒತ್ತಿದಾಗಲೆಲ್ಲ ಒಂದು ಹಾರ್ನು. ಕೆಲಸವೇನೋ ಸಾಗಿತು, ಆದರೆ ಓಣಿಗೆಲ್ಲ ನಾವು ಊರಿಗೆ ಹೊರಟ ಸುದ್ದಿ ಮುಟ್ಟಿತು. ನಮ್ಮಲ್ಲಿ ಗಾಡಿ ಹೊರಟಿತೆಂದರೆ ಗಂಟು ಕೊಟ್ಟು ಕಳಿಸದೆ ಯಾರೂ ಬಿಡುವುದಿಲ್ಲ. ಎದುರುಮನೆಯಾಕೆ ಏದುಸಿರು ಬಿಡುತ್ತ, “ತಡೀರಿ ತಡೀರಿ! ಹಡಗಲ್ಯಾಗ ನನ್ನ ಮಗಳಿಗೆ ಇಷ್ಟು ಶೇಂಗಾ ಹೋಳಿಗಿ ಮುಟ್ಟಿಸ್ರಿ,” ಎಂದು ಗಂಟನ್ನು ನನ್ನ ತೊಡೆ ಮೇಲಿಟ್ಟಳು. ಕಾರಿನ ಕೆಳಗೆ ಇವರ ಕಾಲು ಕಂಡು ಗಾಬರಿಯಾಯಿತು ಆಕೆಗೆ. “ಅಯ್ಯ, ಅಣ್ಣಾರು ಅಲ್ಯಾಕ ಅದಾರ? ಹಾರ್ನ್ ಯಾಕ ಹೊಡೀತಿ?”

“ಮಾತು ಬಿಟ್ಟಾಳವ್ವ, ಅದಕ್ಕ ಹಾರ್ನು,” ಎಂದರು ಅತ್ತೆ. ಆಮೇಲೆ ನನಗೆ ಹೇಳಿದರು, “ಸಾಕಿನ್ನ ಆ ಹಾರ್ನು, ಮುಟ್ಟಬ್ಯಾಡ. ಮಂದಿ ಎಲ್ಲಾ ಗಂಟು ತರ್ತಾರ.”

ಕೊನೆಯ ಚಕ್ರ ಉಳಿದಿತ್ತು. ನಾನು ಒತ್ತಿ ಹಿಡಿದೆ. ಹಾರ್ನಿಲ್ಲ, ಮಾತಿಲ್ಲ. ಕೆಳಗಿನಿಂದ “ಹಿಡಿದೀಯೇನು?” ಎಂದರು. ಸುಮ್ಮನಿದ್ದೆ. ನನ್ನ ಮಾತಿನಿಂದ ಗಾಡಿ ಕೆಟ್ಟಿತೆಂದವರಿಗೆ ಗಾಡಿ ಸರಿಮಾಡಲು ನನ್ನ ಮಾತೇ ಏಕೆ ಬೇಕು?

ಸ್ವಲ್ಪ ಹೊತ್ತಿಗೆ ಕಾರಿನ ಕೆಳಗಿನಿಂದ ಮೈಯೆಲ್ಲ ಮಣ್ಣಾಗಿ ಎದ್ದು ಬಂದರು. ಜೇಬಿನಿಂದ ರಬ್ಬರು ತೆಗೆದು, ನನಗಲ್ಲ, ಎದುರುಮನೆಯಾಕೆಗೆ ತೋರಿಸಿದರು. “ನೋಡ್ರಿ, ಬ್ರೇಕು ಹೋಗಿದ್ದು ಇದರಿಂದ.” ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ಮಾತಿನಿಂದಲ್ಲ. ನಾ ಅಂದದ್ದು ತಪ್ಪಾತು. ಈಗರ ಬಾಯಿ ಬಿಡು ಮಾರಾಯ್ತಿ.”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಹಿಡಿದೀನ್ರಿ! ಕಾಲು ಬೀಳಾಕ ಬಂತು, ಲಗೂನ ಬಿಚ್ರಿ!” ಎಂದು ಓಣಿಗೇ ಕೇಳುವಂತೆ ಕೂಗಿದೆ. ಆಮೇಲೆ ಎಷ್ಟು ಹೊತ್ತು ಬೇಕು? ಪೆಡಲು ಕಾಲಿನಡಿ ಗಟ್ಟಿಯಾಗಿ ನಿಂತಿತು.

ತೊಟ್ಟಿಲಿನ ದಿನ ಹೋಳಿಗೆ ಗಂಟು ತೊಡೆ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತೆ. ಅದೇ ಹಳ್ಳ ಬಂತು. ನಿಜ ಹೇಳಬೇಕೆಂದರೆ ನನಗೆ ಅಂಜಿಕೆ, ಮಾತು ನಿಲ್ಲಿಸಿ ಗಂಟನ್ನು ಅವುಚಿ ಹಿಡಿದೆ. ಅವರು ಬ್ರೇಕು ಒತ್ತಿದರು. ಹೇಳಿದ ಮಾತು ಕೇಳಿ ಕಾರು ನಿಧಾನವಾಗಿ ಇಳಿಯಿತು. ನಾನಿನ್ನೂ ಸುಮ್ಮನೆ ಕೂತದ್ದು ನೋಡಿ ಅವರು, “ಏನರ ಮಾತಾಡಲೇ. ನೀ ಸುಮ್ಮಕ ಕುಂತ್ರ ಗಾಡಿ ಹೊಡ್ಯಾಕ ನನಗ ಅಂಜಿಕಿ ಬರತೈತಿ,” ಎಂದರು.

ರಂಗೋಲಿ ಬಟ್ಟಲಿನಿಂದ ಶುರು ಮಾಡಿದೆ.