ಬಿಗಿ ತೋಳಿನ ರವಿಕೆ

ಮೂರು ವರ್ಷದ ಹಿಂದೆ, ಮಾಘ ಮಾಸದ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಇನ್ನೂ ಕುಳಿತಿರಲಿಲ್ಲ. ಕಮಲಾಪುರದ ಒಂದು ಹಳೆಯ ಮನೆಯಲ್ಲಿ, ಅಂಗಳದಿಂದ ಪಡಸಾಲೆಗೆ ಹೋಗುವ ಬಾಗಿಲಲ್ಲಿ ನಾನು ನಿಂತಿದ್ದೆ. ಕೈಕಾಲು ತೊಳೆದುಕೊಂಡು ಬರುತ್ತಿದ್ದೆ, ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅಲ್ಲಿಂದ ಪಡಸಾಲೆಯ ಮರದ ತೊಲೆ, ತೊಲೆಗೆ ಹಾಕಿದ್ದ ಎರಡು ಕಬ್ಬಿಣದ ಕೊಂಡಿ, ಆ ಕೊಂಡಿಗಳಿಂದ ಸರಪಳಿಯಲ್ಲಿ ಇಳಿಬಿಟ್ಟಿದ್ದ ತೂಗುಮಂಚ, ಇಷ್ಟೂ ನೇರವಾಗಿ ಕಾಣುತ್ತಿತ್ತು. ಒಳಗೆ ಕುಳಿತವರಿಗೆ ಕೊಂಡಿಗಳು ತಲೆಯ ಮೇಲಿದ್ದವು. ಯಾರೂ ಕತ್ತೆತ್ತಿ ನೋಡಿರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಈ ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದಾರೆ. ನಾನು ನನ್ನ ಜಾಗದಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ನಮ್ಮ ಅಕ್ಕ ಜೇವರ್ಗಿ ಕಾಲೋನಿಯಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಅಂಬಿಕಾಳನ್ನು ಬೆಳೆಸಿದಳು. ಅಂಬಿಕಾ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿದ್ದಾಗ ಭಾರ ಎತ್ತುವುದನ್ನು ಹಿಡಿದಳು, ಆಮೇಲೆ ಬಿಡಲಿಲ್ಲ. ಅವಳ ಭುಜ, ತೋಳು, ಬೆನ್ನು ಎಲ್ಲ ಗಟ್ಟಿಯಾದವು. ಕೈ ಮಡಿಸಿದರೆ ತೋಳಿನ ಸ್ನಾಯು ಎದ್ದು ಕಾಣುತ್ತದೆ.

ಇದರ ಬಗ್ಗೆ ಕಾಲೋನಿಯಲ್ಲಿ ಮಾತನಾಡದವರಿಲ್ಲ. ಅವಳ ಶಾಲೆಯ ಹುಡುಗಿಯರು "ಮಿಸ್, ಒಮ್ಮಿ ತೋಳ ತೋರಸ್ರಿ" ಎಂದು ದುಂಬಾಲು ಬೀಳುತ್ತಿದ್ದರು. ಎದುರುಮನೆಯವರು "ಹಿಂದಿಂದ ನೋಡಿದ್ರ ಯಾರೋ ಹುಡುಗ ಹೊಂಟಂಗ ಕಾಣ್ತದ" ಎನ್ನುತ್ತಿದ್ದರು. ಅಕ್ಕ ಒಂದು ಸಲ ನನ್ನನ್ನೇ ಹಿಡಿದು ಕೇಳಿದಳು.

"ನೀ ಡ್ರಾಯಿಂಗ್ ಮಾಸ್ತರ ಅದಿ. ಖರೇ ಹೇಳು. ಇದು ಹೆಣ್ಣಿನ ತೋಳ ಅನಸ್ತದೇನು?"

"ಹೆಣ್ಣಿನ ತೋಳಲ್ಲದ ಇನ್ನೇನದು, ಆಕಿ ಹೆಣ್ಣಲ್ಲೇನು?" ಎಂದೆ.

"ಮಾಸ್ತರಕಿ ಮಾತು ಬ್ಯಾಡ. ಛಂದ ಅದನೋ ಇಲ್ಲೋ?"

ನಾನು ಮಾತು ತಪ್ಪಿಸಿ ಚಹಾ ಕೇಳಿದೆ.

ಸಂಗಮೇಶನ ಸಂಬಂಧ ಬಂದದ್ದು ಆ ಚಳಿಗಾಲದಲ್ಲಿ. ಕಮಲಾಪುರದವನು, ಕಲಬುರಗಿಯಲ್ಲಿ ಬ್ಯಾಂಕ್ ಕೆಲಸ. ಊರಿನಲ್ಲಿ ಕೆಂಪುಬಾಳೆ ತೋಟ. ಅಕ್ಕ ಕಳಿಸಿದ ಫೋಟೋದಲ್ಲಿ ಅಂಬಿಕಾಳ ಮೈತುಂಬ ಸೆರಗಿತ್ತು. ಆದರೆ ಅಂಬಿಕಾ ತಾನೇ ಅವನನ್ನು ಒಂದು ಹೋಟೆಲಿನಲ್ಲಿ ಭೇಟಿಯಾಗಿ ಎಲ್ಲವನ್ನೂ ಹೇಳಿದ್ದಳು, ಮೊಬೈಲಿನಲ್ಲಿ ಭಾರ ಎತ್ತುವ ವಿಡಿಯೋ ತೋರಿಸಿದ್ದಳು. ಏನೆಂದ ಎಂದು ನಾನು ಕೇಳಿದಾಗ, "ಆಯ್ತ್ರಿ ಅಂದ ಮಾಮಾ. ಛಲೋ ಅನ್ಲಿಲ್ಲ, ಕೆಟ್ಟ ಅನ್ಲಿಲ್ಲ" ಎಂದಳು.

ಮನೆಯವರೆಲ್ಲ ಒಪ್ಪಿದ್ದರು. ಹುಡುಗನ ಅಜ್ಜಿಗೆ ಮಾತ್ರ ಕಲಬುರಗಿಯ ತನಕ ಬರಲು ಆಗುತ್ತಿರಲಿಲ್ಲ. ಕಣ್ಣು ಪೂರಾ ಮಂಜಾಗಿತ್ತು. "ಆಯಿ ಒಂದ್ಸಲ ಹುಡುಗಿನ್ನ ನೋಡಿ ಹೂಂ ಅಂದ್ರ ಮುಗೀತು" ಎಂದು ಹೇಳಿ ಕಳಿಸಿದರು. ಹಾಗಾಗಿ ಹುಡುಗಿಯನ್ನೇ ಕರೆದುಕೊಂಡು ಹೋಗುವುದೆಂದಾಯಿತು.

ಅಕ್ಕ ಹೊಸ ರವಿಕೆ ಹೊಲಿಸಿದಳು. ಮೊಣಕೈ ದಾಟಿ ಮಣಿಕಟ್ಟಿನವರೆಗೆ ತೋಳು, ಒಳಗೆ ಎರಡು ಪದರ ಅಸ್ತರು, ಚರ್ಮಕ್ಕೆ ಅಂಟಿದ ಹಾಗೆ ಬಿಗಿ. ಬಿಗಿದರೆ ತೋಳು ಸಣ್ಣಗೆ ಕಾಣುತ್ತದೆಂದು ಅವಳ ನಂಬಿಕೆ. ಹೊಲಿದವರು ಪಕ್ಕದ ಮನೆಯ ಶಬಾನಾ ಆಪಾ. ಅಳತೆಯ ದಿನ ನಾನೂ ಅಲ್ಲಿದ್ದೆ.

"ಅಕ್ಕಾ, ಇಷ್ಟು ಟೈಟ್ ನಕ್ಕೋ ರೀ. ಕೈ ಮ್ಯಾಲ ಎತ್ತಲಿಕ್ಕೆ ಬರಂಗಿಲ್ಲ ಪೋರಿಗಿ" ಎಂದರು ಆಪಾ.

"ಎತ್ತೂದು ಬ್ಯಾಡಂತನೇ ಹೊಲಸಾಕತ್ತೀನಿ, ನೀ ಹೊಲಿ" ಎಂದಳು ಅಕ್ಕ.

ಕಾರಿನಲ್ಲಿ ಹೋಗುವಾಗ ಅಂಬಿಕಾ ಕೈಗಳನ್ನು ತೊಡೆಯ ಮೇಲೆ ನೆಟ್ಟಗೆ ಚಾಚಿಕೊಂಡು ಕುಳಿತಿದ್ದಳು. ಮಡಿಸಲು ಬರುತ್ತಿರಲಿಲ್ಲ. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಮಾಮಾ, ಅವರು ಲಿಫ್ಟಿಂಗ್ ಬಿಡು ಅಂದ್ರ ಏನು ಹೇಳ್ಲಿ?"

"ಹೂಂ ಅನ್ನು" ಎಂದಳು ಅಕ್ಕ ಮುಂದಿನ ಸೀಟಿನಿಂದ. "ಮದಿವಿ ಆದಮ್ಯಾಲ ನೋಡಿದ್ರಾತು."

"ಸುಳ್ಳು ಹೂಂ ನಂಗ ಬರಂಗಿಲ್ಲವ್ವ. ಬಿಡು ಅಂದ್ರ ನಾ ಒಲ್ಲೆ ಅಂತೀನಿ, ವಾಪಸ್ ಬರ್ತೀನಿ."

ಅಕ್ಕ ತಿರುಗಿ ನೋಡಲಿಲ್ಲ. ಅವಳ ಕುತ್ತಿಗೆ ಬೆವೆತಿತ್ತು. ಮಾಘದ ಬೆಳಗ್ಗೆ ಬೆವರುವಷ್ಟು ಸೆಕೆ ಇರಲಿಲ್ಲ. ಇದು ಅಂಬಿಕಾಳಿಗೆ ಬಂದ ಮೊದಲ ಸಂಬಂಧವಲ್ಲ. ಹಿಂದಿನವು ಯಾವುದಕ್ಕೆ ಮುರಿದವು ಎಂಬುದು ನಮ್ಮೂವರಿಗೂ ಗೊತ್ತಿತ್ತು.

ಸಂಗಮೇಶನ ತಾಯಿ ಕಸ್ತೂರಿಬಾಯಿ ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. ತಟ್ಟೆಯ ತುಂಬ ಕೆಂಪುಬಾಳೆ ಇಟ್ಟರು. ತಂದೆಯವರು ತೋಟಕ್ಕೆ ಹೋಗಿದ್ದರು. ಒಂದಷ್ಟು ಮಾತಾದ ಮೇಲೆ ಕಸ್ತೂರಿಬಾಯಿ ನನ್ನ ಕಡೆ ತಿರುಗಿದರು.

"ನೋಡ್ರಿ ಮಾಸ್ತರ್ರ, ಹುಡುಗಿ ಲಕ್ಷಣ ಅದಾಳ. ನೌಕರಿ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆ ಕಬ್ಬಣ ಎತ್ತೂದೊಂದು ಬಿಟ್ಟುಬಿಟ್ರ ಆತ್ರಿ. ಹೆಣ್ಮಕ್ಕಳ ಮೈ ಬೆಣ್ಣಿಹಂಗ ಇದ್ರ ನೋಡ್ಲಿಕ್ಕಿ ಛಂದ. ಹೌದಲ್ಲೇನ್ರಿ?"

ನಾನು ಸಂಗಮೇಶನನ್ನು ನೋಡಿದೆ. ಅಂಬಿಕಾ ಕೂಡ ಅವನನ್ನೇ ನೋಡುತ್ತಿದ್ದಳು. ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

ಅಂಬಿಕಾ ಬಾಯಿ ತೆರೆಯುವಷ್ಟರಲ್ಲಿ ತೂಗುಮಂಚದ ಮೇಲಿದ್ದ ಆಯಿ ಕರೆದರು. "ಏ ಹುಡುಗಿ, ಬಾ ಇಲ್ಲಿ. ನನ್ನ ಬಾಜೂಕ ಕೂಡು. ನಂಗ ಕಣ್ಣಿಲ್ಲ, ಕೈಲೇ ನೋಡಬೇಕು."

ಅಂಬಿಕಾ ಹೋಗಿ ಪಕ್ಕದಲ್ಲಿ ಕುಳಿತಳು. ಮಂಚ ಕಿರ್ ಎಂದಿತು. ಕೈಕಾಲು ತೊಳೆದುಕೊಳ್ಳಲು ನನ್ನನ್ನು ಅಂಗಳಕ್ಕೆ ಕರೆದದ್ದು ಆಗಲೇ. ನಾನು ತಂಬಿಗೆ ಹಿಡಿದು ಬಾಗಿಲಿಗೆ ಮರಳಿದಾಗ ಆಯಿ ಅವಳ ಅಂಗೈ ಸವರುತ್ತಿದ್ದರು. ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿದ್ದು ಅವರ ಕೈಗೆ ಸಿಕ್ಕಿತು. ಸವರುವುದು ಅಲ್ಲಿ ನಿಂತಿತು. ಆಮೇಲೆ ಕೈ ಮೇಲೆ ಹೋಯಿತು, ಮಣಿಕಟ್ಟು, ಮೊಣಕೈ, ತೋಳು. ಬಿಗಿಯಾದ ಬಟ್ಟೆಯೊಳಗೆ ಎಲ್ಲವೂ ಇನ್ನಷ್ಟು ಸ್ಪಷ್ಟವಾಗಿ ಸಿಗುತ್ತಿತ್ತೇನೋ.

ಆಯಿಯ ಮುಖ ಬಾಡಿತು. "ಈ ಕೂಸಿಗೆ ಕೂಲಿಗೆ ಹಚ್ಚಿದ್ರೇನ್ರಿ?" ಎಂದು ಕೇಳಿದರು.

ಅಕ್ಕ "ಇಲ್ರೀ ಆಯಿ, ಇಲ್ರೀ" ಎನ್ನುತ್ತಿದ್ದರೂ ಅವರು ನಿಲ್ಲಿಸಲಿಲ್ಲ. "ನನ್ನ ತೋಳೂ ಹಿಂಗೇ ಇದ್ವು. ಕಲ್ಲು ಹೊತ್ತು, ನೀರು ಸೇದಿ, ಬೀಸಿ ಕುಟ್ಟಿ. ಯಾರೂ ಛಂದ ಅನ್ನಲಿಲ್ಲ. ನನ್ನ ಮೊಮ್ಮಗನ ಹೇಣ್ತಿ ಕೈ ಮೆತ್ತಗಿರಲಿ ಅಂತ ಬೇಡಿಕೊಂಡಿದ್ದೆ."

"ಆಯಿ, ನಂಗ ಯಾರೂ ಹಚ್ಚಿಲ್ಲ. ನನಗ ಬೇಕಂತ ನಾನೇ ಮಾಡೀನಿ" ಎಂದಳು ಅಂಬಿಕಾ.

ಆಗಲೇ ಅವರಿಬ್ಬರ ನಡುವೆ, ಬೆಳಕಿನಲ್ಲಿ, ಕಂದು ಬಣ್ಣದ ಹುಡಿ ಉದುರುವುದು ನನಗೆ ಕಂಡಿತು. ಮೇಲೆ ನೋಡಿದೆ. ಆಯಿಯ ಕಡೆಯ ಕೊಂಡಿ ತೊಲೆಯಿಂದ ಅರ್ಧ ಹೊರಗೆ ಬಂದಿತ್ತು. ಕೂಗಬೇಕೆಂದುಕೊಂಡೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೂಗಿದೆನೆಂದು ಸಂಗಮೇಶ ಹೇಳುತ್ತಾನೆ.

ಕೊಂಡಿ ಕಿತ್ತಿತು. ಮಂಚದ ಆ ತುದಿ ನೆಲಕ್ಕೆ ಬಡಿಯಿತು. ಇನ್ನೊಂದು ತುದಿ ಸರಪಳಿಯಲ್ಲಿ ಮೇಲೆಯೇ ತೂಗುತ್ತಿತ್ತು. ಆಯಿ ಜಾರಿ ಕೆಳಗೆ ಬಿದ್ದರು, ಅವರ ಕಾಲು ಹಲಗೆಯ ಅಡಿಗೆ ಸಿಕ್ಕಿಕೊಂಡಿತು. ಅದು ಹಳೆಯ ಕಾಲದ ಸಾಗವಾನಿ ಹಲಗೆ, ನಾಲ್ಕು ಬೆರಳು ದಪ್ಪ. ಅಂಬಿಕಾ ಹೇಗೋ ನಿಂತುಕೊಂಡಿದ್ದಳು. ಬಗ್ಗಿ ಎರಡೂ ಕೈ ಹಲಗೆಯ ಅಡಿಗೆ ಹಾಕಿ ಎತ್ತಿದಳು. ಹಲಗೆ ಸ್ವಲ್ಪ ಎದ್ದಿತು, ಅಲ್ಲಿಗೇ ನಿಂತಿತು. ಅವಳ ಮೊಣಕೈ ಮಡಿಸಲು ಬರುತ್ತಿರಲಿಲ್ಲ. ಬಟ್ಟೆ ಬಿಡುತ್ತಿರಲಿಲ್ಲ.

"ಎಳೀರಿ!" ಎಂದು ಕೂಗಿದಳು.

ನಾನೂ ಸಂಗಮೇಶನೂ ಆಯಿಯ ರಟ್ಟೆಗೆ ಕೈಹಾಕಿ ಎಳೆದೆವು. ಕಾಲು ಬರಲಿಲ್ಲ. ಆಯಿ ಚೀರಿದರು. ಇನ್ನೂ ಎತ್ತರ ಬೇಕಿತ್ತು. ಅಷ್ಟರಲ್ಲಿ ನನ್ನ ಕೈ ಮೇಲೆ ಮತ್ತೆ ಹುಡಿ ಬಿತ್ತು. ಎರಡನೆಯ ಕೊಂಡಿ ಕದಲುತ್ತಿತ್ತು. ಅದು ಕಿತ್ತರೆ ಹಲಗೆ, ಸರಪಳಿ ಎಲ್ಲ ಸೇರಿ ಅಂಬಿಕಾಳ ಮೇಲೇ ಬರುತ್ತಿತ್ತು. ಬಗ್ಗಿ ನಿಂತಿದ್ದ ಅವಳಿಗೆ ಅದು ಕಾಣುತ್ತಿರಲಿಲ್ಲ.

"ಅಂಬಿ, ಮ್ಯಾಲಿಂದು ಬರ್ಲಿಕತ್ತದ! ಬಿಡು!" ಎಂದೆ.

ಅವಳು ಬಿಡಲಿಲ್ಲ. ಒಮ್ಮೆ ಉಸಿರೆಳೆದುಕೊಂಡಳು. ಬಟ್ಟೆ ಹರಿಯುವ ಸದ್ದು ಕೇಳಿತು. ಬಲತೋಳಿನ ಹೊಲಿಗೆ ಕಂಕುಳಿನಿಂದ ಮೊಣಕೈಯವರೆಗೆ ಸೀಳಿತು, ಹಿಂದೆಯೇ ಎಡತೋಳಿನದೂ. ಹಲಗೆ ಮೇಲೆದ್ದಿತು. ಅವಳ ತೋಳು ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ನಾನು ಎಂದೂ ನೋಡಿರಲಿಲ್ಲ. ಚಂದವೋ ಅಲ್ಲವೋ ಎಂಬುದು ತಲೆಗೆ ಬರಲಿಲ್ಲ. ನಡುಗುತ್ತಿದೆ ಎಂಬುದಷ್ಟೇ ಕಂಡಿತು. ಇನ್ನೆಷ್ಟು ಹೊತ್ತು ತಡೆದೀತು ಎಂದಷ್ಟೇ ಭಯವಾಯಿತು.

ಆಯಿಯ ಕಾಲು ಈಚೆ ಬಂತು. ಅಂಬಿಕಾ ಹಲಗೆ ಬಿಟ್ಟು ಪಕ್ಕಕ್ಕೆ ಹಾರಿದಳು. ಅವಳು ನಿಂತಿದ್ದ ಜಾಗಕ್ಕೆ ಕೊಂಡಿ, ಸರಪಳಿ, ಹಲಗೆ ಒಟ್ಟಿಗೆ ಬಿದ್ದವು. ನೆಲದ ಪರಸಿಕಲ್ಲು ಉದ್ದಕ್ಕೆ ಸೀಳಿತು.

ಎಲ್ಲರಿಗಿಂತ ಮೊದಲು ಬಾಯಿ ಬಂದದ್ದು ಕಸ್ತೂರಿಬಾಯಿಗೆ. "ಎಷ್ಟ ವರ್ಷದಿಂದ ಇದ್ದ ಮಂಚ. ಈಕಿ ಕುಂತಿದ್ದಕ್ಕ ಕಿತ್ತಿತು ನೋಡ್ರಿ, ಏನ ಭಾರ ಅದಾಳೋ" ಎಂದರು. ಹೆದರಿಕೆಯಲ್ಲಿ ಆಡಿದ ಮಾತೆಂದು ಈಗ ಅನಿಸುತ್ತದೆ. ಆಗ ಹಾಗನಿಸಲಿಲ್ಲ. ಅಕ್ಕ ಅಳಲು ಶುರುಮಾಡಿದಳು.

"ಬಾಯಿ ಮುಚ್ಚ, ಕಸ್ತೂರಿ" ಎಂದರು ಆಯಿ ನೆಲದ ಮೇಲಿಂದಲೇ. "ತೊಲಿಗೆ ಒರಲಿ ಹತ್ತ್ಯಾದ, ಒಳಗ ತಿಂದು ಹುಡಿ ಮಾಡ್ಯಾದ ಅಂತ ಎಷ್ಟ ಸಲ ಬಡಕೊಂಡೆ. ಮುದುಕಿ ಮಾತು ಯಾರು ಕೇಳ್ತೀರಿ?"

ಕಾಲು ಮುರಿದಿರಲಿಲ್ಲ, ಚರ್ಮ ಸುಲಿದು ಬಾತುಕೊಂಡಿತ್ತು. ಕಸ್ತೂರಿಬಾಯಿ ಅರಿಷಿಣ ತಂದರು. ಆಮೇಲೆ ಏನನ್ನಿಸಿತೋ, ಒಳಗಿನಿಂದ ಒಂದು ಶಾಲು ತಂದು ಅಂಬಿಕಾಳ ಹರಿದ ತೋಳಿನ ಮೇಲೆ ಹೊದಿಸಿದರು. ಪ್ರೀತಿಯಿಂದಲೋ, ಮುಚ್ಚಬೇಕೆಂದೋ, ನಾನು ಹೇಳಲಾರೆ. ಆಯಿ ಕೈಚಾಚಿ ಶಾಲಿನ ಅಡಿಯಲ್ಲಿ ಆ ತೋಳನ್ನು ಇನ್ನೊಮ್ಮೆ ಹಿಡಿದರು.

"ಭಾಳ ಬಿರುಸು ಅದವ್ವ. ನಂಗೇನು ಛಂದ ಅನಸಂಗಿಲ್ಲ, ಸುಳ್ಳ ಯಾಕ ಹೇಳ್ಲಿ" ಎಂದರು. "ಆದ್ರ ಯಾರೂ ಹಚ್ಚಿಲ್ಲ ಅಂದೆಲ್ಲ. ನೀನೇ ಮಾಡಿಕೊಂಡಿ ಅಂದೆಲ್ಲ. ಅಷ್ಟಿದ್ರ ಸಾಕು. ಯಾರೂ ಬಿಡಸಬ್ಯಾಡ್ರಿ."

ನಾವು ಹೊರಡುವಾಗ ಸಂಗಮೇಶ ಕಾರಿನವರೆಗೆ ಬಂದ. ಅಂಬಿಕಾಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ನಿಮ್ಮ ತೋಳು ನಂಗ ಮೊದ್ಲಿಂದನೂ ಛಂದ ಕಾಣ್ತಾವ್ರಿ. ಆ ವಿಡಿಯೋ ನೋಡಿದಾಗಿಂದ."

ಅಂಬಿಕಾ ಶಾಲು ತೆಗೆದು ಮಡಚಿ ಅವನ ಕೈಗೆ ಕೊಟ್ಟಳು. "ನಿಮ್ಮವ್ವ ಬಿಡು ಅಂದಾಗ ಹೇಳಬೇಕಿತ್ರಿ. ಈಗ ಆಯಿ ಉಳದಾರ, ಈಗ ಎಲ್ಲಾರಿಗೂ ಛಂದ ಕಾಣ್ತಾವ. ಯಾರ ಮ್ಯಾಲೂ ಏನೂ ಬೀಳದ ದಿನ ಒಮ್ಮಿ ಬಂದು ಹೇಳ್ರಿ."

ಕಲಬುರಗಿ ಹತ್ತಿರವಾದಾಗ ಅಕ್ಕ ಮಗಳ ಹರಿದ ತೋಳನ್ನು ಮುಟ್ಟಿ, "ನೋವಾಗೇದೇನ?" ಎಂದು ಮಾತ್ರ ಕೇಳಿದಳು. ಈ ಸಂಬಂಧವೂ ಹೋಯಿತೆಂದು ನಾವಿಬ್ಬರೂ ತಿಳಿದಿದ್ದೆವು.

ಆ ಯುಗಾದಿ ಕಳೆದ ಮೇಲೆ, ಏನೂ ವಿಶೇಷವಿಲ್ಲದ ಒಂದು ಸಂಜೆ, ಸಂಗಮೇಶ ತನ್ನ ತಾಯಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದ. ನನಗೆ ಫೋನು ಬಂದು ನಾನೂ ಹೋದೆ. ಕಸ್ತೂರಿಬಾಯಿಯ ಎದುರಿಗೇ, ಕಿವಿ ಕೆಂಪಾಗಿಸಿಕೊಂಡು, ಅವನು ಅದೇ ಮಾತನ್ನು ಹೇಳಿದ. "ಅವ್ವಾ, ಆಕಿ ತೋಳು ನಂಗ ಛಂದ ಕಾಣ್ತಾವ. ಬಿಡಸೂ ಮಾತು ಇನ್ನ ಬ್ಯಾಡ." ಕಸ್ತೂರಿಬಾಯಿ ಚಹಾದ ಕಪ್ಪು ಕೆಳಗಿಟ್ಟರು. "ನಿನಗ ಕಂಡ್ರ ಆತು ಬಿಡು, ನಾನೇನು ಅವನ್ನ ನೋಡಕೋತ ಕೂಡಬೇಕೇನು" ಎಂದರು. ಅಂಬಿಕಾ ಆಗ ನಕ್ಕಳು. ಮದುವೆಯಲ್ಲಿ ಅವಳು ಗಿಡ್ಡ ತೋಳಿನ ರವಿಕೆ ತೊಟ್ಟಿದ್ದಳು. ಹೊಲಿದವರು ಶಬಾನಾ ಆಪಾ.

ಇಂದಿಗೂ ನಾನು ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ಮೇಲೆ ನೋಡುತ್ತೇನೆ. ಕೆಲವು ಸಲ ಆ ಹುಡಿ ಮುಂಗೈ ಮೇಲೆ ಬಿದ್ದಂತಾಗಿ ಎಚ್ಚರವಾಗುತ್ತದೆ. ಅವಳು ಬಿಟ್ಟಿದ್ದರೆ ಏನು, ಬಿಡದೆ ಇನ್ನೊಂದು ಉಸಿರು ನಿಂತಿದ್ದರೆ ಏನು, ಎರಡನ್ನೂ ಯೋಚಿಸುತ್ತೇನೆ. ಛಂದ ಅದನೋ ಇಲ್ಲೋ ಎಂದು ಅಕ್ಕ ಕೇಳಿದ್ದೂ ನೆನಪಾಗುತ್ತದೆ. ಒಮ್ಮೆ ಆ ತೋಳನ್ನು ಬಿಡಿಸಲು ಕುಳಿತೆ, ನಡುಕವನ್ನು ಪೆನ್ಸಿಲಿನಲ್ಲಿ ತರಲಾಗಲಿಲ್ಲ.

ಆಯಿ ಹೋದ ವರ್ಷ ತೀರಿಕೊಂಡರು, ಕೊನೆಯವರೆಗೂ ಆ ತೋಳು ಚಂದ ಎನ್ನಲಿಲ್ಲ, ಎದ್ದು ಕೂರಬೇಕೆಂದರೆ ಮಾತ್ರ ಅಂಬಿಕಾಳನ್ನೇ ಕರೆಯುತ್ತಿದ್ದರು. ಆ ಮಧ್ಯಾಹ್ನ ಪಡಸಾಲೆಯಲ್ಲಿದ್ದ ಉಳಿದವರೆಲ್ಲ ಇದ್ದೇವೆ. ಸಂಗಮೇಶನಿದ್ದಾನೆ. ಸೊಸೆಯ ಬಗ್ಗೆ ಯಾರಾದರೂ ಕೇಳಿದರೆ "ತೋಳೊಂದು ಬಿಟ್ಟು ಎಲ್ಲಾ ಛಂದ ಅದಾಳ" ಎನ್ನುವ ಕಸ್ತೂರಿಬಾಯಿ ಇದ್ದಾರೆ. ಹರಿದ ರವಿಕೆಯನ್ನು ಒಗೆದು, ಹೊಲಿಯದೆ, ಹಾಗೆಯೇ ಟ್ರಂಕಿನಲ್ಲಿಟ್ಟಿರುವ ನಮ್ಮ ಅಕ್ಕ ಇದ್ದಾಳೆ. ಮತ್ತೆ ಅಂಬಿಕಾ ಇದ್ದಾಳೆ, ಭಾರ ಎತ್ತುವುದನ್ನು ಇಂದಿಗೂ ಬಿಟ್ಟಿಲ್ಲ.